ಕಾರಿಗೆ ಏದುಸಿರು ಬಂದಾಗ

ಸಹಕಾರನಗರದಂತಹ ಬಡಾವಣೆಯಲ್ಲಿ ಕಾರಿನ ಓಡಾಟವೆಂದರೆ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವುದು, ಸಂಜೆ ಅಂಗಡಿಗೊಂದು ಸುತ್ತು. ಎಂಜಿನ್ ಬಿಸಿಯಾಗುವಷ್ಟರಲ್ಲಿ ಮನೆ ಬಂದಿರುತ್ತದೆ. ಒಂದು ದಿನ ಹೆಬ್ಬಾಳ ಮೇಲ್ಸೇತುವೆ ಹತ್ತುವಾಗ ಕಾರು ಮುಂದಕ್ಕೆ ಎಳೆಯುವುದೇ ಇಲ್ಲ. ಗ್ಯಾರೇಜಿನಲ್ಲಿ, "ಮೇಡಂ, ಕನ್ವರ್ಟರ್ ಹೋಗಿದೆ, ಹೊಸದು ಹಾಕಬೇಕು" ಎನ್ನುತ್ತಾರೆ. ಬೆಲೆ ಕೇಳಿದರೆ ತಿಂಗಳ ಮನೆಖರ್ಚೇ ಅಡಿಮೇಲು! ಹೂಂ ಎನ್ನುವ ಮೊದಲು ಸಹೋದರಿಯರು ಕೆಲವು ವಿಷಯ ತಿಳಿದಿರುವುದು ಒಳ್ಳೆಯದು.

ಏನಿದು ಕನ್ವರ್ಟರ್?

ಎಂಜಿನ್‌ನಿಂದ ಸೈಲೆನ್ಸರಿಗೆ ಹೊಗೆ ಹೋಗುವ ದಾರಿಯಲ್ಲಿರುವ ಲೋಹದ ಡಬ್ಬವೇ ಕೆಟಲಿಟಿಕ್ ಕನ್ವರ್ಟರ್. ಅದರೊಳಗೆ ಜೇನುಗೂಡಿನಂತಹ ಪಿಂಗಾಣಿ ಇಟ್ಟಿಗೆ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ತೆಳು ಲೇಪ. ಅದಕ್ಕೇ ಅದು ದುಬಾರಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ನಂತಹ ವಿಷಾನಿಲಗಳ ಬಹುಭಾಗವನ್ನು ಇದು ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಸಾರಜನಕವಾಗಿ ಬದಲಾಯಿಸುತ್ತದೆ. 1995ರಲ್ಲಿ ದೇಶದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು. ಸೀಸವು ಈ ಲೇಪವನ್ನು ಕೆಡಿಸುವುದರಿಂದ ಸೀಸರಹಿತ ಪೆಟ್ರೋಲ್ ಕೂಡ ಜೊತೆಗೇ ಬಂತು. 2000ದ ಹೊತ್ತಿಗೆ ಸೀಸ ಬೆರೆಸಿದ ಪೆಟ್ರೋಲ್ ದೇಶದೆಲ್ಲೆಡೆ ನಿಂತಿತು.

ಲಕ್ಷಣಗಳೇನು?

ಏರಿನಲ್ಲಿ ಪಿಕಪ್ ಕುಗ್ಗುವುದು, ಮೈಲೇಜ್ ಇಳಿಯುವುದು, ಕೊಳೆತ ಮೊಟ್ಟೆಯ ವಾಸನೆ, ಕಾರಿನಡಿ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂತಹ ಸದ್ದು, ಎಂಜಿನ್ ದೀಪ ಹೊತ್ತಿಕೊಳ್ಳುವುದು, ಎಮಿಷನ್ ಟೆಸ್ಟಿನಲ್ಲಿ ಫೇಲಾಗುವುದು. ಆದರೆ ಏರ್ ಫಿಲ್ಟರ್ ಕಟ್ಟಿದರೂ, ಪೆಟ್ರೋಲ್ ಪಂಪ್ ಸೋತರೂ ಕಾರು ಎಳೆಯುವುದಿಲ್ಲ. ಕೆಮ್ಮಿದವರಿಗೆಲ್ಲ ಕ್ಷಯವೆನ್ನಲಾದೀತೇ?

ಯಾವ ಪರೀಕ್ಷೆ ಕೇಳಬೇಕು?

ಸ್ಕ್ಯಾನರ್ ಹಾಕಿದಾಗ 'ಪಿ 0420' ಎಂದು ಬಂದರೆ ಕನ್ವರ್ಟರಿನ ಸಾಮರ್ಥ್ಯ ಕುಗ್ಗಿದೆಯೆಂಬ ಸೂಚನೆ. ಅದೇ ಅಂತಿಮ ತೀರ್ಪಲ್ಲ. ಹೊಗೆ ಕೊಳವೆ ಸೋರಿದರೂ, ಸೆನ್ಸರ್ ಕೆಟ್ಟರೂ ಅದೇ ಸಂಖ್ಯೆ ಬರಬಹುದು. ಕನ್ವರ್ಟರಿನ ಹಿಂದೆ ಮುಂದೆ ಒಂದೊಂದು ಆಕ್ಸಿಜನ್ ಸೆನ್ಸರ್ ಇರುವ ಕಾರುಗಳಲ್ಲಿ ಎರಡನ್ನೂ ಹೋಲಿಸಿ ನೋಡಲು ಹೇಳಿ. ಸಾಮಾನ್ಯವಾಗಿ ಎಂಜಿನ್ ಕಡೆಯದ್ದು ಏರಿಳಿಯುತ್ತಿರಬೇಕು, ಸೈಲೆನ್ಸರ್ ಕಡೆಯದ್ದು ಸ್ಥಿರವಾಗಿರಬೇಕು. ಎರಡೂ ಒಂದೇ ತಾಳದಲ್ಲಿ ಕುಣಿದರೆ ಕನ್ವರ್ಟರ್ ಮೇಲೆ ಸಂಶಯಪಡಬಹುದು. ಕಟ್ಟಿಕೊಂಡಿದೆಯೇ ಎಂಬುದು ಹೊಗೆಯ ಒತ್ತಡ ಅಳೆದರೆ ತಿಳಿಯುತ್ತದೆ.

ಮೂಲ ರೋಗ ಬೇರೆ

ಕನ್ವರ್ಟರ್ ತಾನಾಗಿ ಕೆಡುವುದು ಅಪರೂಪ. ಸ್ಪಾರ್ಕ್ ಪ್ಲಗ್ ಸರಿಯಾಗಿ ಕಿಡಿ ಕೊಡದಿದ್ದರೆ ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಹೋಗಿ ಉರಿಯುತ್ತದೆ, ಇಟ್ಟಿಗೆ ಕರಗುತ್ತದೆ. ಎಂಜಿನ್ ಆಯಿಲ್ ಉರಿದರೆ, ಕೂಲೆಂಟ್ ಸೋರಿದರೆ ಲೇಪದ ಮೇಲೆ ಪದರ ಕಟ್ಟುತ್ತದೆ. ಇವನ್ನು ಸರಿಪಡಿಸದೆ ಹೊಸದು ಹಾಕಿಸಿದರೆ ಅದೂ ಹಾಳಾಗುತ್ತದೆ. ಚೆನ್ನಾಗಿ ಕಾಯದೆ ಕನ್ವರ್ಟರ್ ಕೆಲಸ ಮಾಡುವುದಿಲ್ಲ. ಆದ್ದರಿಂದ ಆಗಾಗ ಕಾರನ್ನು ಸ್ವಲ್ಪ ದೂರ ಓಡಿಸಿ. ಓಡಿಸಿ ಬಂದ ಕೂಡಲೇ ಒಣ ಎಲೆಗಳ ರಾಶಿಯ ಮೇಲೆ ಮಾತ್ರ ನಿಲ್ಲಿಸಬೇಡಿ.

"ಒಳಗಿನದನ್ನು ಒಡೆದು ಖಾಲಿ ಮಾಡಿಕೊಡುತ್ತೇವೆ" ಎಂದು ಯಾರಾದರೂ ಅಗ್ಗದ ದಾರಿ ತೋರಿಸಿದರೆ ಒಪ್ಪಬೇಡಿ. ಆ ವಿಷ ಸೇರುವುದು ನಮ್ಮ ಮಕ್ಕಳು ನಡೆಯುವ ಬೀದಿಗೇ. ಬದಲಾಯಿಸಲೇಬೇಕಾದರೆ ಹಳೆಯದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಲು ಕೇಳಿ. ಅದರಲ್ಲಿ ಉಳಿದಿರುವ ಲೋಹಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿದೆ.