75 ಮಿಲಿಸೆಕೆಂಡಿನ ಮೌನ

ಕರೆಯುವ ಯಂತ್ರವೇ ಮೊದಲು ದನಿ ತೆಗೆಯುತ್ತದೆ. 1100 ಹರ್ಟ್ಸ್‌ನ ಒಂದೇ ಸ್ವರ, ಅರ್ಧ ಸೆಕೆಂಡು. ಆಮೇಲೆ 3 ಸೆಕೆಂಡು ಏನೂ ಇಲ್ಲ. ಮತ್ತೆ ಅದೇ ಸ್ವರ, ಅಷ್ಟೇ ಉದ್ದ, ಅಷ್ಟೇ ಎತ್ತರ. ಆ ತುದಿಯಲ್ಲಿ ಇನ್ನೊಂದು ಫ್ಯಾಕ್ಸ್ ಯಂತ್ರವಿದೆಯೋ, ಯಾರೋ ನಿದ್ದೆಗಣ್ಣಿನಲ್ಲಿ ರಿಸೀವರ್ ಎತ್ತಿದ್ದಾರೋ ಅದಕ್ಕೆ ತಿಳಿಯದು. ಆದರೂ ಅದು ಅವಸರಪಡುವುದಿಲ್ಲ, ದನಿ ಏರಿಸುವುದಿಲ್ಲ. ಊರಿನ ಇಂಟರ್ನೆಟ್ ಕೊಂಚ ತಣ್ಣಗಾದ ಮೇಲೆ, ರಾತ್ರಿಯ ಹೊತ್ತು ಹೆಡ್‌ಫೋನ್ ಹಾಕಿಕೊಂಡು ನಾನು ಈ ಕರೆಗಳನ್ನು ಕೇಳುತ್ತ ಬಂದಿದ್ದೇನೆ.

ಉತ್ತರಿಸುವ ಯಂತ್ರವೂ ತಾಳ್ಮೆಯದ್ದೇ. ಕರೆ ಎತ್ತಿಕೊಂಡ ಮೇಲೆ ಸುಮಾರು 2 ಸೆಕೆಂಡು ಸುಮ್ಮನಿರುತ್ತದೆ. ಬಳಿಕ 2100 ಹರ್ಟ್ಸ್‌ನ ತೆಳುವಾದ, ಅಲುಗದ ಸೀಟಿ. 2.6 ಸೆಕೆಂಡಿಗಿಂತ ಕಡಿಮೆಯಿರಬಾರದು, 4 ಸೆಕೆಂಡು ಮೀರಬಾರದು. ಹಳೆಯ ದೂರವಾಣಿ ಜಾಲದಲ್ಲಿ ಪ್ರತಿಧ್ವನಿಯನ್ನು ಅಡಗಿಸುವ ಉಪಕರಣಗಳು ಈ ಸ್ವರವನ್ನು ಕೇಳಿದರೆ ತಮ್ಮ ಕೆಲಸ ನಿಲ್ಲಿಸಿ ದಾರಿ ಬಿಡುತ್ತಿದ್ದವು. ಸೀಟಿ ನಿಂತ ಮೇಲೆ ಒಂದು ಅತಿ ಸಣ್ಣ ಬಿಡುವು, 75 ಮಿಲಿಸೆಕೆಂಡು. ಅದು ಬಿಡುವೆಂದು ಕಿವಿಗೆ ಹೊಳೆಯಲು ನನಗೆ ಬಹಳ ಕಾಲ ಹಿಡಿಯಿತು. ಅಲ್ಲಿಂದ ಮುಂದೆ ನಡುಗು ದನಿ ಶುರುವಾಗುತ್ತದೆ: 1650 ಮತ್ತು 1850 ಹರ್ಟ್ಸ್‌ಗಳ ನಡುವೆ ತೂಗಾಡುತ್ತ, ಮಳೆಗಾಲದ ರಾತ್ರಿಯ ಜೀರುಂಡೆಯ ಹಾಗೆ, ಒಂದು ಸೆಕೆಂಡಿನ ಮುನ್ನುಡಿ. ಅದರ ಬೆನ್ನಿಗೇ ಸೆಕೆಂಡಿಗೆ 300 ಬಿಟ್‌ಗಳ ನಿಧಾನಗತಿಯಲ್ಲಿ ಯಂತ್ರ ತನ್ನ ಸಾಮರ್ಥ್ಯವನ್ನು ಹೇಳಿಕೊಳ್ಳುತ್ತದೆ. ಇಷ್ಟು ವೇಗ ಬಲ್ಲೆ, ಇಷ್ಟು ಅಗಲದ ಕಾಗದವಿದೆ, ತಪ್ಪು ತಿದ್ದಿಕೊಳ್ಳುವುದು ಗೊತ್ತು. ಎಲ್ಲವೂ ಟಿ.30 ಎಂಬ ಶಿಫಾರಸಿನಲ್ಲಿ ಬರೆದಿಟ್ಟ ಕ್ರಮ.

ಕೇಳಿದ್ದನ್ನು ಕಣ್ಣಿಗೂ ಕಾಣಿಸಿಕೊಳ್ಳಲು ದನಿಮುದ್ರಣವನ್ನು ಸಾಕ್ಸ್ ಎಂಬ ತಂತ್ರಾಂಶಕ್ಕೆ ಕೊಡುತ್ತೇನೆ. ಅದು ಬಿಡಿಸುವ ಚಿತ್ರದಲ್ಲಿ ಕಾಲ ಎಡದಿಂದ ಬಲಕ್ಕೆ, ಸ್ವರದ ಎತ್ತರ ಕೆಳಗಿನಿಂದ ಮೇಲಕ್ಕೆ. ಮೌನ ಕಪ್ಪು, ದನಿ ಬಲಿತಂತೆ ನೇರಳೆ, ಕೆಂಪು, ಕಿತ್ತಳೆ, ಹಳದಿ, ಬಿಳಿ. ಕರೆಯ ಸ್ವರಗಳು ಒಂದೇ ಮಟ್ಟದಲ್ಲಿ ಕೂತ ಹಳದಿ ಗೆರೆತುಂಡುಗಳು, ನಡುವೆ ವಿಶಾಲ ಕಪ್ಪು. ಉತ್ತರದ ಸೀಟಿ ಅವುಗಳಿಗಿಂತ ಎತ್ತರದಲ್ಲಿ ಒಂದು ಉದ್ದ ಎಳೆ. ನಡುಗು ದನಿಯಿರುವಲ್ಲಿ ಒಂದರ ಮೇಲೊಂದು ಎರಡು ದಟ್ಟ ಗೆರೆಗಳು, ಅವುಗಳ ಅಂಚಿನಲ್ಲಿ ಕೆಂಪು ಕವಲುಗಳು. ಆಮೇಲೆ ಪುಟ ಹರಿಯತೊಡಗಿದಾಗ ಚಿತ್ರದ ಸ್ವಭಾವವೇ ಬದಲಾಗುತ್ತದೆ. 1800 ಹರ್ಟ್ಸ್ ನಡುವೆ ಇಟ್ಟುಕೊಂಡು ಮೇಲೂ ಕೆಳಗೂ ಸುಮಾರು 1200ರಷ್ಟು ಹರಡಿದ ಕಿತ್ತಳೆ ಪಟ್ಟಿ, ಸಂದಿಲ್ಲದೆ. ಕಿವಿಗೆ ಅದು ಬರೀ ಹಿಸ್ಸೆನ್ನುವ ಸದ್ದು. ಆ ಸದ್ದಿನೊಳಗೆ ಸೆಕೆಂಡಿಗೆ 2400 ಸಂಕೇತಗಳು. ಒಂದೊಂದೂ 128 ಸ್ಥಾನಗಳಲ್ಲಿ ಒಂದನ್ನು ಆರಿಸಿಕೊಂಡು 6 ಬಿಟ್ ಮಾಹಿತಿಯನ್ನು ಹೊತ್ತಿರುತ್ತದೆ. ಒಟ್ಟು 14400.

ಪುಟ ಬರುವ ಬಗೆಯನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. ಪ್ರಯೋಗಕ್ಕೆಂದು ಒಂದು ಹಳೆಯ ಥರ್ಮಲ್ ಫ್ಯಾಕ್ಸ್ ಯಂತ್ರವನ್ನು ಅಡಾಪ್ಟರಿನ ಮೂಲಕ ಜಾಲಕ್ಕೆ ಜೋಡಿಸಿಟ್ಟಿದ್ದೇನೆ. ಅದರ ಕಾಗದ ಒಂದೇ ವೇಗದಲ್ಲಿ ಹೊರಬರುವುದಿಲ್ಲ. ಖಾಲಿ ಅಂಚುಗಳಿರುವಲ್ಲಿ ಸರಸರನೆ ಜಾರುತ್ತದೆ, ಅಕ್ಷರಗಳ ಸಾಲು ಬಂತೆಂದರೆ ತಡೆಯುತ್ತದೆ, ದಟ್ಟವಾದ ಮೊಹರು ಬಂದಲ್ಲಿ ತೆವಳುತ್ತದೆ. ಒಂದು ಸಾಲಿಗೆ 1728 ಚುಕ್ಕೆಗಳು. ಪೂರ್ತಿ ಬಿಳಿಯಾದ ಸಾಲಾದರೆ ಅಷ್ಟೂ ಚುಕ್ಕೆಗಳು 17 ಬಿಟ್‌ಗಳ ಸಂಕೇತಕ್ಕೆ ಇಳಿಯುತ್ತವೆ. ಬಿಳುಪು ಹಗುರ, ಬರಹ ಭಾರ. ಕಾಗದದ ಚಲನೆಯಲ್ಲೇ ಅದು ಕಾಣುತ್ತದೆ.

ಇನ್ನು ಈ ಕರೆಗಳು ಬಂದು ಸೇರುವ ನೆಲೆ. ಡೆಬಿಯನ್ ಲಿನಕ್ಸ್ ಹಾಕಿದ ಸಾಧಾರಣ ಡೆಸ್ಕ್‌ಟಾಪ್. ಮೋಡೆಮ್ ಎಂಬ ವಸ್ತು ಅದರಲ್ಲೆಲ್ಲೂ ಇಲ್ಲ. ಹೊರಗಿನಿಂದ ಬರುವ ಕರೆಯನ್ನು ಎತ್ತಿಕೊಳ್ಳುವುದು ಆಸ್ಟರಿಸ್ಕ್, 1999ರಲ್ಲಿ ಮಾರ್ಕ್ ಸ್ಪೆನ್ಸರ್ ಶುರುಮಾಡಿದ ತಂತ್ರಾಂಶ. ಅದು ಕರೆಯನ್ನು ಐಎಎಕ್ಸ್‌ಮೋಡೆಮ್ ಎಂಬ ಇನ್ನೊಂದು ಪುಟ್ಟ ತಂತ್ರಾಂಶಕ್ಕೆ ದಾಟಿಸುತ್ತದೆ. ಐಎಎಕ್ಸ್‌ಮೋಡೆಮ್ ಒಳಗಿರುವುದು ಸ್ಟೀವ್ ಅಂಡರ್‌ವುಡ್ ಬರೆದ ಸ್ಪ್ಯಾನ್‌ಡಿಎಸ್‌ಪಿ. ತಂತಿಯ ಮೇಲಿನ ಸ್ವರಗಳನ್ನು ಚಿಪ್‌ಗಳು ಗುರುತಿಸುತ್ತಿದ್ದ ಕೆಲಸವನ್ನು ಅದು ಲೆಕ್ಕಾಚಾರದಿಂದಲೇ ಮಾಡುತ್ತದೆ. ಎದುರಿಗಿರುವುದು ನಿಜವಾದ ಮೋಡೆಮ್ ಎಂದೇ ನಂಬಿ ಮಾತಾಡುವುದು ಹೈಲಾಫ್ಯಾಕ್ಸ್. ಸ್ಯಾಮ್ ಲೆಫ್ಲರ್ ಸಿಲಿಕಾನ್ ಗ್ರಾಫಿಕ್ಸ್‌ನಲ್ಲಿದ್ದಾಗ ಕಟ್ಟಿದ್ದು. ಸರದಿಯಲ್ಲಿಡುವುದು, ಕಳಿಸುವುದು, ಬಂದದ್ದನ್ನು ಟಿಫ್ ಚಿತ್ರವಾಗಿ ರಿಸೀವ್‌ಕ್ಯೂ ಕಡತಕೋಶದಲ್ಲಿ ಜೋಪಾನ ಮಾಡುವುದು, ಎಲ್ಲ ಅದರದೇ.

ಹೈಲಾಫ್ಯಾಕ್ಸ್ ಪ್ರತಿಯೊಂದು ಕರೆಗೂ ಒಂದು ದಿನಚರಿ ಬರೆದಿಡುತ್ತದೆ. ವಿವರ ಹೆಚ್ಚಿಸಿಟ್ಟರೆ ಸೆಕೆಂಡಿನ ನೂರನೆಯ ಒಂದು ಭಾಗದ ಲೆಕ್ಕದಲ್ಲಿ, ಯಾವಾಗ ಆಲಿಸಿತು, ಯಾವಾಗ ದನಿ ಕೊಟ್ಟಿತು, ಎಲ್ಲವೂ ಸಿಗುತ್ತದೆ. ಆ ಸಾಲುಗಳ ನಡುವೆ ಎಟಿ+ಎಫ್‌ಟಿಎಸ್=7 ಎಂಬ ಆಜ್ಞೆ ಮತ್ತೆ ಮತ್ತೆ ಬರುತ್ತದೆ. 70 ಮಿಲಿಸೆಕೆಂಡು ಸುಮ್ಮನಿರು ಎಂದು ಅದರ ಅರ್ಥ. ನಿಧಾನದ ಮಾತಿನಿಂದ ವೇಗದ ಮಾತಿಗೆ ಹೊರಳುವ ಮುನ್ನ ಎದುರಿನ ಯಂತ್ರಕ್ಕೆ ಕಿವಿ ಬದಲಿಸಿಕೊಳ್ಳಲು ಕೊಡುವ ಸಮಯ. ಹೆಡ್‌ಫೋನಿನಲ್ಲಿ ಕೇಳಿದ ಬಿಡುವನ್ನು ಇಲ್ಲಿ ಅಕ್ಷರದಲ್ಲಿ ಕಂಡಾಗ ನನಗಾದ ಸಂತೋಷವನ್ನು ಅಳೆಯಲಾರೆ. ಫ್ಯಾಕ್ಸ್‌ನ ಸಂಭಾಷಣೆಯಲ್ಲಿ ಮೌನವೂ ಆಜ್ಞೆಯಿಂದ ಹುಟ್ಟುತ್ತದೆ, ಅದಕ್ಕೂ ಒಂದು ಅಳತೆಯಿದೆ.

ಇಂಟರ್ನೆಟ್ಟಿಗೆ ಆ ಅಳತೆ ಗೊತ್ತಿಲ್ಲ. ದನಿಯನ್ನು ಜಿ.711ರಲ್ಲಿ, ನಮ್ಮ ದೇಶದ ದೂರವಾಣಿ ಬಳಸುವ ಎ-ಲಾ ರೂಪದಲ್ಲಿ ಕಳಿಸಿದರೆ ಸೆಕೆಂಡಿಗೆ 8000 ಮಾದರಿಗಳು. 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಅದರಲ್ಲಿ 160 ಮಾದರಿ. ಮೌನಕ್ಕೂ ದನಿಗೂ ಸಮನಾಗಿ ಸೆಕೆಂಡಿಗೆ 50 ಪ್ಯಾಕೆಟ್. ಜಾಲದ ಪ್ಯಾಕೆಟ್‌ಗಳನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶದ ಪರದೆಯ ಮೇಲೆ ತಿಳಿನೀಲಿ ಸಾಲುಗಳಾಗಿ ಅವು ಏರುತ್ತ ಹೋಗುತ್ತವೆ. ಮಾತಿಗೆಂದೇ ರೂಪಿಸಿದ ಜಿ.729ರ ಬಿಗಿ ಸಂಕೋಚನದಲ್ಲಿ ಕಳಿಸಿದರೆ ಕಿತ್ತಳೆ ಪಟ್ಟಿ ಕದಡಿ ಕಲೆಕಲೆಯಾಗುತ್ತದೆ, ಪುಟ ಬರುವುದಿಲ್ಲ. ಅದರಲ್ಲಿ ನೋಡುವುದಕ್ಕೆ ಹೆಚ್ಚೇನಿಲ್ಲ. ಜಿ.711ರ ವರ್ತನೆ ಹಾಗಲ್ಲ. ಒಂದು ಪ್ಯಾಕೆಟ್ ಕಳೆದುಹೋದ ಕರೆಗಳಲ್ಲಿ ಪುಟ ಅಲ್ಲೊಂದು ಕಡೆ ಹರಿದಂತಾಗಿ, ಮುಂದೆ ಮತ್ತೆ ಸರಿಯಾದದ್ದನ್ನು ಕಂಡಿದ್ದೇನೆ. ಯಾವ ಪ್ಯಾಕೆಟ್ಟೂ ಕಳೆಯದ ಕರೆಗಳಲ್ಲಿ ಪುಟ ಅರ್ಧಕ್ಕೇ ಕೆಟ್ಟು, ಕೊನೆಯವರೆಗೆ ಸುಧಾರಿಸದೇ ಇದ್ದದ್ದೂ ಉಂಟು. ಬಹುಕಾಲ ಇದು ನನ್ನನ್ನು ಕಾಡಿತು.

ಲೆಕ್ಕ ಹಾಕಿದಾಗ ಗಂಟು ಸಡಿಲಾಯಿತು. ಪುಟವನ್ನು ಹೊರುವ ಅಲೆ 1800 ಹರ್ಟ್ಸ್‌ನದು. 20 ಮಿಲಿಸೆಕೆಂಡಿನಲ್ಲಿ ಅದು ಸರಿಯಾಗಿ 36 ಸುತ್ತು ಸುತ್ತುತ್ತದೆ. ಅಷ್ಟರಲ್ಲಿ ಸರಿಯಾಗಿ 48 ಸಂಕೇತಗಳು ದಾಟುತ್ತವೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಒಂದು ಇಡೀ ಪ್ಯಾಕೆಟ್ ಬಿಟ್ಟುಹೋದರೆ 288 ಬಿಟ್ ನಷ್ಟವಾಗುತ್ತದೆ ನಿಜ, ಆದರೆ ಅಲೆಯ ತಾಳ ತಪ್ಪುವುದಿಲ್ಲ. ಬದಲಿಗೆ, ಪ್ಯಾಕೆಟ್‌ಗಳ ಏರುಪೇರನ್ನು ಸಮಗೊಳಿಸುವ ಜಿಟ್ಟರ್ ಬಫರ್ ದನಿಯನ್ನು ಒಂದೇ ಒಂದು ಮಾದರಿಯಷ್ಟು ಹಿಗ್ಗಿಸಿತೆನ್ನಿ. ಅದು 125 ಮೈಕ್ರೊಸೆಕೆಂಡು. ಅಷ್ಟರಲ್ಲಿ ಅಲೆ 81 ಡಿಗ್ರಿ ತಿರುಗಿರುತ್ತದೆ. 128 ಸ್ಥಾನಗಳನ್ನು ಹತ್ತಿರ ಹತ್ತಿರ ಜೋಡಿಸಿಟ್ಟ ನಕ್ಷೆಯಲ್ಲಿ 81 ಡಿಗ್ರಿ ತಿರುಗಿದರೆ ಒಂದು ಸ್ಥಾನವೂ ತನ್ನ ಜಾಗದಲ್ಲಿರುವುದಿಲ್ಲ. ಮನುಷ್ಯರ ಮಾತನ್ನು ನಯವಾಗಿಸಲೆಂದು ಇಟ್ಟ ಆ ಮೃದುವಾದ ಹಿಗ್ಗಿಸುವಿಕೆ, ಪೂರಾ ಪ್ಯಾಕೆಟ್ ಕಳೆಯುವುದಕ್ಕಿಂತ ಫ್ಯಾಕ್ಸಿಗೆ ಘಾತಕ. ಅದಕ್ಕೇ ನನ್ನ ಸರ್ವರಿನಲ್ಲಿ ತನ್ನಷ್ಟಕ್ಕೆ ಹೊಂದಿಕೊಳ್ಳುವ ಬಫರನ್ನು ತೆಗೆದು, ಅಡಾಪ್ಟರಿನಲ್ಲಿ ಸ್ಥಿರ ಅಳತೆಯದನ್ನು ಇಟ್ಟಿದ್ದೇನೆ.

ಇದರಾಚೆಗೂ ಒಂದು ತೊಡಕಿದೆ. ಎರಡು ತುದಿಗಳ ಗಡಿಯಾರಗಳು ಎಂದೂ ಒಂದೇ ಆಗಿರುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೆ 400 ಸೆಕೆಂಡಿಗೊಮ್ಮೆ ಇಡೀ ಒಂದು ಪ್ಯಾಕೆಟ್ಟಿನಷ್ಟು ಅಂತರ ಬೆಳೆದುಬಿಡುತ್ತದೆ. ಒಂದೆರಡು ಪುಟದ ಪತ್ರ ಅಷ್ಟರೊಳಗೆ ಮುಗಿದಿರುತ್ತದೆ. ಉದ್ದದ ಕಡತಗಳು ಮಾತ್ರ ಏಳನೆಯ ನಿಮಿಷದ ಹೊತ್ತಿಗೆ ಎಡವುತ್ತವೆ. ಅಮೆರಿಕದ ಆಸ್ಪತ್ರೆಗಳಲ್ಲಿ, ಜಪಾನಿನ ಕಚೇರಿಗಳಲ್ಲಿ ಇಂದಿಗೂ ಫ್ಯಾಕ್ಸ್ ಓಡಾಡುತ್ತಿದೆ. ಯಾರದೋ ರಕ್ತಪರೀಕ್ಷೆಯ ವರದಿ ಆ ಏಳನೆಯ ನಿಮಿಷದಲ್ಲಿರಬಹುದು. ಇದನ್ನು ಸಣ್ಣ ವಿಷಯವೆಂದು ಬಿಡಲು ನನಗೆ ಮನಸ್ಸಾಗದು.

1998ರಲ್ಲಿ ರೂಪುಗೊಂಡ ಟಿ.38 ಎಂಬ ಶಿಫಾರಸು ಈ ತೊಡಕುಗಳಿಗೆ ಹಿಡಿದ ದಾರಿ ಬೇರೆ. ಅದರಲ್ಲಿ ದನಿಯೇ ಪಯಣಿಸುವುದಿಲ್ಲ. ಆಸ್ಟರಿಸ್ಕ್‌ನಲ್ಲಿ ಫ್ಯಾಕ್ಸ್ ಗೇಟ್‌ವೇಯನ್ನು ತೆರೆದಿಟ್ಟು ಕರೆಯನ್ನು ನೋಡುತ್ತಿದ್ದರೆ, ಮೊದಲು ಎಂದಿನಂತೆ ದನಿಯ ಪ್ಯಾಕೆಟ್‌ಗಳು ಬರುತ್ತವೆ. ನಡುಗು ದನಿಯ ಮುನ್ನುಡಿ ಕೇಳಿದೊಡನೆ ಕರೆಗಳನ್ನು ಕಟ್ಟಿಕೊಡುವ ಸಿಪ್ ನಿಯಮಾವಳಿಯ ಹೊಸ ಇನ್ವೈಟ್ ಒಂದು ಹೊರಡುತ್ತದೆ: ಇನ್ನು ಧ್ವನಿ ಬೇಡ, ಚಿತ್ರ. ಆ ಕಡೆ ಒಪ್ಪಿದರೆ ತಿಳಿನೀಲಿ ಸಾಲುಗಳ ಸಂತೆ ಹಠಾತ್ತನೆ ನಿಲ್ಲುತ್ತದೆ. ಈ ಬದಲಾವಣೆಯ ಗದ್ದಲದಲ್ಲಿ ಯಂತ್ರದ ಮೊದಲ ಮಾತು ಕಳೆದುಹೋಗುವುದುಂಟು. ಸುಮಾರು 3 ಸೆಕೆಂಡು ಕಾದು ಅದು ಅದನ್ನೇ ಮತ್ತೊಮ್ಮೆ ಹೇಳುತ್ತದೆ. ಬಳಿಕ ಪ್ಯಾಕೆಟ್‌ಗಳು ಬಿಡಿಬಿಡಿಯಾಗಿ ಬರುತ್ತವೆ. ಮುನ್ನುಡಿ ಶುರುವಾಯಿತೆಂದು ಒಂದು. ಸಂದೇಶದ ಬೈಟ್‌ಗಳು ಕೆಲವು. ಚೌಕಟ್ಟು ಸರಿಯಾಗಿ ಮುಗಿಯಿತೆಂದು ಒಂದು. ಯಂತ್ರಗಳು ಸುಮ್ಮನಿರುವಾಗ ತಂತಿಯೂ ಸುಮ್ಮನಿರುತ್ತದೆ. ಸ್ವರಗಳನ್ನು ಆಯಾ ತುದಿಯ ಗೇಟ್‌ವೇ ತನ್ನ ಗಡಿಯಾರಕ್ಕೆ ಹೊಂದಿಸಿ ಹೊಸದಾಗಿ ಹುಟ್ಟಿಸುತ್ತದೆ. ಆದ್ದರಿಂದ ದಾರಿಯ ಏರುಪೇರು ಅಲೆಯ ತಾಳವನ್ನು ಮುಟ್ಟುವುದಿಲ್ಲ.

ರಿಡಂಡೆನ್ಸಿ ಹಾಕಿಟ್ಟರೆ ಪ್ರತಿ ಪ್ಯಾಕೆಟ್ಟೂ ತನ್ನ ಹಿಂದಿನವುಗಳ ಪ್ರತಿಯನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ಪರೀಕ್ಷಿಸಲು ಲಿನಕ್ಸ್‌ನ ಟಿಸಿ ಆಜ್ಞೆಯಿಂದ ಬೇಕೆಂದೇ ಕೆಲವು ಪ್ಯಾಕೆಟ್‌ಗಳನ್ನು ಬೀಳಿಸಿ ನೋಡಿದೆ. ಕ್ರಮಸಂಖ್ಯೆಯಲ್ಲಿ ಒಂದು ತಪ್ಪಿದಾಗ, ಮುಂದಿನ ಪ್ಯಾಕೆಟ್ಟಿನ ಒಳಗಿನಿಂದಲೇ ಅದು ಸಿಗುತ್ತದೆ. ಒಟ್ಟಿಗೆ ಹಲವು ಬಿದ್ದಾಗ ಮಾತ್ರ ತೂತು ಉಳಿಯುತ್ತದೆ.

ಆ ತೂತನ್ನು ಮುಚ್ಚುವ ಕೆಲಸ ಟಿ.30ರದೇ. ತಪ್ಪು ತಿದ್ದುವ ವಿಧಾನದಲ್ಲಿ ಪುಟ 256 ಬೈಟ್‌ಗಳ ತುಣುಕುಗಳಾಗಿ, ಹೆಚ್ಚೆಂದರೆ 256 ತುಣುಕುಗಳ ಕಂತಾಗಿ ಹೋಗುತ್ತದೆ. ಕಂತು ಮುಗಿದ ಮೇಲೆ ಪಡೆದ ಯಂತ್ರ 256 ಬಿಟ್‌ಗಳ ಒಂದು ಪಟ್ಟಿಯನ್ನು ಹಿಂದಕ್ಕೆ ಕಳಿಸುತ್ತದೆ. ಸಿಕ್ಕ ತುಣುಕಿಗೆ ಸೊನ್ನೆ, ಸಿಗದಿದ್ದಕ್ಕೆ ಒಂದು. ಕಳಿಸಿದ ಯಂತ್ರ ಗುರುತು ಬಿದ್ದ ತುಣುಕುಗಳನ್ನಷ್ಟೇ ಮತ್ತೆ ಕೊಡುತ್ತದೆ. ಒಂದು ಉದ್ದನೆಯ ಕರೆಯ ದಿನಚರಿಯಲ್ಲಿ ನಾನು ಕಂಡ ಪಟ್ಟಿ ಉದ್ದಕ್ಕೂ ಸೊನ್ನೆಗಳದ್ದು, ನಡುವೆ ಅಕ್ಕಪಕ್ಕ ಎರಡು ಒಂದುಗಳು. 70 ಮಿಲಿಸೆಕೆಂಡಿನ ಬಿಡುವು, ವೇಗದ ದನಿಗೆ ಕಿವಿ ಹೊಂದಿಸುವ ಕಿರು ತರಬೇತಿ, ಆ ಎರಡು ತುಣುಕುಗಳು, ಮತ್ತೆ ನಡುಗು ದನಿಯಲ್ಲಿ ಪುಟ ಸೇರಿತೆಂಬ ಒಪ್ಪಿಗೆ. ಬಂದ ಟಿಫ್ ಚಿತ್ರವನ್ನು ಹಿಗ್ಗಿಸಿ, ಸಾಲುಸಾಲಾಗಿ ಹುಡುಕಿದೆ. ಜಾರಿದ ಜಾಗದ ಗುರುತು ಅದರಲ್ಲಿಲ್ಲ. ತಿದ್ದುವ ವಿಧಾನವನ್ನು ಎಲ್ಲ ಕರೆಗಳಿಗೂ ಕಡ್ಡಾಯ ಮಾಡಿದ್ದೇನೆ. ಅದನ್ನು ಅರಿಯದ ಥರ್ಮಲ್ ಯಂತ್ರಕ್ಕೆ ಮಾತ್ರ ಪ್ರತ್ಯೇಕ ಸಾಲು ಬರೆದು, ವೇಗವನ್ನು 9600ಕ್ಕೆ ಇಳಿಸಿ, ಅದರ ಕಾಗದವನ್ನು ಈಗಲೂ ನೋಡುತ್ತಿದ್ದೇನೆ.