ಮಳೆಗೆ ಮುನ್ನ, ಗಾಡಿಯ ತಳದಲ್ಲಿ

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಪ್ರವಾಸಿಗರಿಗೆ ಅಲ್ಲಿ ಗಾಡಿ ನಿಲ್ಲಿಸದೆ ಮುಂದೆ ಹೋಗಲು ಮನಸ್ಸಾಗದು. ಆದರೆ ಆ ದಾರಿಯಲ್ಲಿ ವರ್ಷಾನುಗಟ್ಟಲೆ ಓಡಾಡಿದ ಹಳೆಯ ಕಾರಿನ ತಳವನ್ನು ಒಮ್ಮೆ ಬಗ್ಗಿ ನೋಡಬೇಕು. ಗಾಳಿಯಲ್ಲಿ ಉಪ್ಪು, ರಸ್ತೆಯ ಮೇಲೆ ಮೀನಿನ ಲಾರಿಗಳಿಂದ ಸೋರಿದ ನೀರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ. ಮೇಲಿನ ಬಣ್ಣ ಎಷ್ಟೇ ಹೊಳೆಯಲಿ, ತುಕ್ಕು ಕೆಳಗಿನಿಂದಲೇ ತಿನ್ನುತ್ತಾ ಬರುತ್ತದೆ. ಅದನ್ನು ತಡೆಯುವ ಕೆಲಸಕ್ಕೆ ಗ್ಯಾರೇಜಿನವರು ಅಂಡರ್‌ಕೋಟಿಂಗ್ ಎನ್ನುತ್ತಾರೆ. ಎಲ್ಲವೂ ಚೆನ್ನಾಗಿ ಒಣಗುವ ಏಪ್ರಿಲ್, ಮೇ ತಿಂಗಳುಗಳೇ ಅದಕ್ಕೆ ತಕ್ಕ ಕಾಲ.

ತುಕ್ಕಿಗೆ ನೀರು ಮತ್ತು ಆಮ್ಲಜನಕ ಸಿಕ್ಕರೆ ಸಾಕು. ಉಪ್ಪು ಸೇರಿತೆಂದರೆ ಅದರ ವೇಗ ಹೆಚ್ಚುತ್ತದೆ, ಏಕೆಂದರೆ ಉಪ್ಪುನೀರು ವಿದ್ಯುತ್ತನ್ನು ಸಲೀಸಾಗಿ ಹರಿಸುತ್ತದೆ. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಉಬ್ಬುತ್ತದೆ. ಆ ಉಬ್ಬಿಗೆ ಬಣ್ಣ ಎದ್ದು ಬಂದು, ಅಡಿಯ ಹೊಸ ಲೋಹ ತೆರೆದುಕೊಳ್ಳುತ್ತದೆ. ಮಡ್‌ಗಾರ್ಡಿನ ಒಳಮೂಲೆಯಲ್ಲಿ ಕೂತ ಕೆಂಪುಮಣ್ಣು ಮಳೆ ನಿಂತು ದಿನಗಳಾದರೂ ಒದ್ದೆಯಾಗಿಯೇ ಇರುತ್ತದೆ. 1983ರಿಂದ 2014ರವರೆಗೆ ತಯಾರಾದ ಮಾರುತಿ 800ರಂಥ ಕಾರುಗಳಿಗೆ ಬೇರೆ ಚಾಸಿ ಇಲ್ಲ. ತಳದ ಶೀಟೇ ಭಾರ ಹೊರಬೇಕು. ಆ ಶೀಟು ತೂತಾಯಿತೆಂದರೆ ಕಾರಿನ ಬೆನ್ನೆಲುಬೇ ಸೊರಗಿದಂತೆ.

ಒಳ್ಳೆಯ ಕೆಲಸಗಾರ ಮೊದಲು ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ. ಗಾಡಿಯನ್ನು ಲಿಫ್ಟಿಗೇರಿಸಿ ಚಕ್ರ ಬಿಚ್ಚುತ್ತಾನೆ, ಜೋರು ನೀರಿನಲ್ಲಿ ಮೂಲೆಮೂಲೆಯ ಮಣ್ಣು ತೆಗೆಯುತ್ತಾನೆ, ಆಮೇಲೆ ಪೂರ್ತಿ ಒಣಗಲು ಬಿಡುತ್ತಾನೆ. ಅನಂತರ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗುತ್ತಾನೆ. ಗಟ್ಟಿ ಶೀಟು ಖಣ್ ಎನ್ನುತ್ತದೆ, ಕೊಳೆತದ್ದು ದಪ್ ಎನ್ನುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡುತ್ತಾನೆ. ಅದು ಒಳಗಿಳಿದರೆ ಕೋಟಿಂಗಿನ ಮಾತು ಅಲ್ಲಿಗೆ ನಿಂತು ಟಿಂಕರ್‌ನ ಸರದಿ. ಕೊಳೆತ ಭಾಗವನ್ನು ಕತ್ತರಿಸಿ ಹೊಸ ಶೀಟು ವೆಲ್ಡ್ ಮಾಡಲೇಬೇಕು. ಉಳಿದ ಕಡೆ ಸ್ಕ್ರೇಪರ್, ವೈರ್ ಬ್ರಷ್, ಎಮರಿ ಪೇಪರ್. ಕುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಪರಿಕ್ ಆಮ್ಲದ ದ್ರಾವಣ ಹಚ್ಚಿದರೆ ಅದು ಕಪ್ಪುಬಣ್ಣದ ಕಬ್ಬಿಣದ ಫಾಸ್ಫೇಟ್ ಆಗಿ ಕೂರುತ್ತದೆ. ಅದರ ಮೇಲೆ ಎಪಾಕ್ಸಿ ಅಥವಾ ರೆಡ್ ಆಕ್ಸೈಡ್ ಪ್ರೈಮರ್, ಜೋಡಣೆಯ ಗೆರೆಗಳಿಗೆ ಸೀಲೆಂಟ್, ಕೊನೆಗೆ ಕಲ್ಲಿನ ಏಟು ತಡೆಯುವ ರಬ್ಬರ್ ಅಥವಾ ಟಾರಿನಂಶದ ಕೋಟಿಂಗ್. ಕೂಲಿಯ ಬಹುಪಾಲು ಸಲ್ಲಬೇಕಾದದ್ದು ತೊಳೆದು, ತಟ್ಟಿ, ಉಜ್ಜುವ ಮೊದಲ ಹಂತಗಳಿಗೆ.

ತುಕ್ಕು ತೆಗೆಯದೆ ಕರಿ ಕೋಟಿಂಗ್ ಬಳಿದು ಕಳಿಸುವುದು ಏನೂ ಮಾಡದೆ ಬಿಡುವುದಕ್ಕಿಂತ ಕೆಡುಕು. ತೇವ ಒಳಗೇ ಸಿಕ್ಕಿಬೀಳುತ್ತದೆ, ಕಣ್ಣಿಗೂ ಕಾಣದು. ವೇಸ್ಟ್ ಆಯಿಲ್ ಸಿಂಪಡಿಸುವ ಹಳೆಯ ರೂಢಿಯನ್ನೂ ಬಿಡಬೇಕು: ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಹಾಳುಮಾಡುತ್ತದೆ, ಮಳೆಯಲ್ಲಿ ತೊಳೆದುಹೋಗಿ ಬಾವಿ, ತೋಡುಗಳಿಗೆ ಸೇರುತ್ತದೆ.

ಸಸ್ಪೆನ್ಷನ್ನಿಗೆ ಇನ್ನಷ್ಟು ಎಚ್ಚರ ಬೇಕು. ಕಾಯಿಲ್ ಸ್ಪ್ರಿಂಗ್ ಕೂರುವ ಬಟ್ಟಲಿನಲ್ಲಿ ಮಣ್ಣು ತುಂಬಿ, ಸ್ಪ್ರಿಂಗಿನ ಕೆಳಸುತ್ತಿಗೆ ಕುಳಿ ಬೀಳುತ್ತದೆ. ಒಂದು ದಿನ ಅದು ಮುರಿಯುವುದು ಅಲ್ಲಿಂದಲೇ. ಕುಳಿ ಬಿದ್ದ ಸ್ಪ್ರಿಂಗನ್ನು ಬದಲಿಸಬೇಕು, ಬೆಂಕಿ ತೋರಿಸುವುದು, ವೆಲ್ಡ್ ಮಾಡುವುದು ಸಲ್ಲದು. ಜೀಪಿನ ಲೀಫ್ ಸ್ಪ್ರಿಂಗಿನ ಪ್ಲೇಟ್‌ಗಳನ್ನು ಬಿಚ್ಚಿ ಉಜ್ಜಿ, ನಡುವೆ ಗ್ರಾಫೈಟ್ ಗ್ರೀಸ್ ಸವರಿ ಮತ್ತೆ ಕಟ್ಟುವುದು ಶ್ರಮದ ಕೆಲಸ. ಅದನ್ನು ಮನಸ್ಸಿಟ್ಟು ಮಾಡುವವರು ಸಿಕ್ಕರೆ ಬಿಡಬಾರದು. ಸ್ಪ್ರೇ ಗನ್ ಹಿಡಿಯುವ ಮುನ್ನ ಬ್ರೇಕ್ ಡಿಸ್ಕ್, ಡ್ರಮ್, ಸೈಲೆನ್ಸರ್, ಶಾಕ್ ಅಬ್ಸಾರ್ಬರ್‌ನ ಹೊಳೆಯುವ ರಾಡ್, ರಬ್ಬರ್ ಬೂಟುಗಳನ್ನು ಟೇಪು, ಕಾಗದದಿಂದ ಮುಚ್ಚಬೇಕು.

ಬಾಗಿಲಡಿಯ ಟೊಳ್ಳು ಭಾಗಗಳಿಗೆ ಉದ್ದ ನಳಿಗೆಯಿಂದ ಮೇಣ ಸಿಂಪಡಿಸುತ್ತಾರೆ. ಅಲ್ಲಿ ನೀರಿಳಿಯಲು ಕಂಪನಿಯೇ ಬಿಟ್ಟ ಸಣ್ಣ ತೂತುಗಳಿವೆ. ಅವು ಕೋಟಿಂಗಿನಲ್ಲಿ ಮುಚ್ಚಿಹೋಗಿವೆಯೇ ಎಂದು ಗಾಡಿ ಕೆಳಗಿಳಿಸುವ ಮುನ್ನವೇ ಬೆರಳಿಟ್ಟು ನೋಡಿ. ದೀಪಾವಳಿಯ ಹೊತ್ತಿಗೆ ಮತ್ತೊಮ್ಮೆ ಲಿಫ್ಟಿಗೇರಿಸಿ ಕೋಟಿಂಗ್ ಎದ್ದ ಜಾಗಗಳನ್ನು ಕೆರೆದು ಮುಚ್ಚಿಸಿ. ಆಗಲೇ ಬ್ರೇಕ್ ಆಯಿಲ್ ಹರಿಯುವ ಕಬ್ಬಿಣದ ಸಣ್ಣ ಪೈಪುಗಳನ್ನೂ ಒರೆಸಿ ನೋಡಲು ಹೇಳಿ, ತುಕ್ಕು ಕಂಡರೆ ಅಂದೇ ಬದಲಿಸಿ.