ಸರ್ಚ್ ಬಾಕ್ಸ್‌ನಿಂದ ಸರ್ವರ್ ಒಳಗೆ: ಇಲಾಸ್ಟಿಕ್‌ಸರ್ಚ್‌ನ ಎರಡು ಲೋಪಗಳು

ಸರ್ಚ್ ಇರೋ ಯಾವುದೇ ಮಿನಿ ಪ್ರಾಜೆಕ್ಟ್ ಮಾಡೋಕೆ ಹೊರಟರೆ ಸೀನಿಯರ್‌ಗಳ ಬಾಯಲ್ಲಿ ಮೊದಲು ಬರೋ ಹೆಸರು ಇಲಾಸ್ಟಿಕ್‌ಸರ್ಚ್. ಲೈಬ್ರರಿ ಪುಸ್ತಕ ಹುಡುಕೋ ಆ್ಯಪ್ ಇರಲಿ, ಲಾಗ್ ಅನಾಲಿಸಿಸ್ ಇರಲಿ, ಎಲ್ಲದಕ್ಕೂ ಅದೇ. ಡಾಕರ್‌ನಲ್ಲಿ ಒಂದು ಕಮಾಂಡ್ ಕೊಟ್ಟರೆ ಸರ್ವರ್ ರೆಡಿ. ಆದ್ರೆ ಹೊಸ ಆವೃತ್ತಿ ಹಾಕಿದ ಕೂಡಲೇ ಅದು ಪಾಸ್‌ವರ್ಡ್ ಕೇಳುತ್ತೆ, ಸರ್ಟಿಫಿಕೇಟ್ ಅನ್ನುತ್ತೆ. ಆಗ ಯಾವುದಾದರೂ ಟ್ಯುಟೋರಿಯಲ್ ನೋಡಿದರೆ ಉತ್ತರ ಸಿಗುತ್ತೆ: "ಸೆಕ್ಯುರಿಟಿ ಫಾಲ್ಸ್ ಮಾಡಿ, ಡೆಮೋಗೆ ಅಷ್ಟು ಸಾಕು."

ಆ ಪಾಸ್‌ವರ್ಡ್ ಅಲ್ಲಿಗೆ ಸುಮ್ಮನೆ ಬಂದಿದ್ದಲ್ಲ. ಅದರ ಹಿಂದೆ 2014 ಮತ್ತು 2015ರ ಎರಡು ದೊಡ್ಡ ಭದ್ರತಾ ಲೋಪಗಳಿವೆ. ವಿಶೇಷ ಏನಂದ್ರೆ, ಮೊದಲನೆಯದರಲ್ಲಿ ಕೋಡ್ ಬರೆದವರು ಎಲ್ಲೂ ಎಡವಿರಲಿಲ್ಲ. ಸಾಫ್ಟ್‌ವೇರ್ ತಾನು ಮಾಡಬೇಕಾಗಿದ್ದ ಕೆಲಸವನ್ನೇ ಸರಿಯಾಗಿ ಮಾಡ್ತಿತ್ತು. ಆದರೂ ಸಾವಿರಾರು ಮೈಲಿ ದೂರ ಕೂತ ಯಾರೋ ಒಬ್ಬ ಒಂದು ಸರ್ಚ್ ರಿಕ್ವೆಸ್ಟ್ ಕಳಿಸಿ ಸರ್ವರ್ ಪೂರ್ತಿ ತನ್ನ ಕೈಗೆ ತಗೊಳ್ಳಬಹುದಿತ್ತು. ಇದಕ್ಕೇ ರಿಮೋಟ್ ಕೋಡ್ ಎಕ್ಸಿಕ್ಯೂಷನ್ ಅಂತಾರೆ. ನಮ್ಮ ಕಂಪ್ಯೂಟರ್ ಮೇಲೆ ಬೇರೆಯವರ ಕೋಡ್ ಓಡೋದು ಅಂತ ಸರಳವಾಗಿ ಹೇಳಬಹುದು.

ಸರ್ಚ್ ಸರ್ವರ್‌ಗೆ ಕೋಡ್ ಯಾಕೆ ಬೇಕು?

ಮೊದಲು ಇದು ಅರ್ಥ ಆಗಬೇಕು. ಇಲಾಸ್ಟಿಕ್‌ಸರ್ಚ್ ಅನ್ನು ಶೇ ಬ್ಯಾನನ್ 2010ರಲ್ಲಿ ಬಿಡುಗಡೆ ಮಾಡಿದರು. ಅದರ ಹೊಟ್ಟೆಯಲ್ಲಿರೋದು ಅಪಾಚೆ ಲೂಸೀನ್ ಅನ್ನೋ ಜಾವಾ ಲೈಬ್ರರಿ. ಲೂಸೀನ್ ಮಾಡೋ ಕೆಲಸ ನಮ್ಮ ಟೆಕ್ಸ್ಟ್‌ಬುಕ್ ಕೊನೆಯಲ್ಲಿರೋ ಇಂಡೆಕ್ಸ್ ಥರ: ಯಾವ ಪದ ಯಾವ್ಯಾವ ಡಾಕ್ಯುಮೆಂಟ್‌ನಲ್ಲಿದೆ ಅಂತ ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳೋದು. ಇಲಾಸ್ಟಿಕ್‌ಸರ್ಚ್ ಅದರ ಮೇಲೆ ಒಂದು ಎಚ್‌ಟಿಟಿಪಿ ಪದರ ಹಾಕಿತು. 9200 ಪೋರ್ಟ್‌ಗೆ ಜೇಸನ್ ಕಳಿಸಿದರೆ ಜೇಸನ್‌ನಲ್ಲೇ ಉತ್ತರ ಬರುತ್ತೆ. ಇಷ್ಟು ಸುಲಭ ಆಗಿದ್ದರಿಂದಲೇ ಅದು ಅಷ್ಟು ಬೇಗ ಎಲ್ಲ ಕಡೆ ಹರಡಿತು.

ಆದ್ರೆ ಹುಡುಕೋದು ಅಂದ್ರೆ ಬರೀ ಪದ ಹೊಂದಿಸೋದಲ್ಲ. ಒಂದು ಶಾಪಿಂಗ್ ಸೈಟ್ ತಗೊಳ್ಳಿ. "ಕೊಡೆ" ಅಂತ ಹುಡುಕಿದರೆ ಯಾವುದು ಮೊದಲು ಬರಬೇಕು? ಬೆಲೆಯಿಂದ ಡಿಸ್ಕೌಂಟ್ ಕಳೆದು, ರೇಟಿಂಗ್ ಗುಣಿಸಿ, ಹಳೇ ಸ್ಟಾಕ್ ಆದರೆ ಸ್ವಲ್ಪ ಕೆಳಗೆ ತಳ್ಳಿ, ಹೀಗೆ ಒಂದು ಲೆಕ್ಕ ಇರುತ್ತೆ. ಈ ಲೆಕ್ಕ ಒಂದೊಂದು ಕಂಪನಿಗೂ ಬೇರೆ ಬೇರೆ. ಸರ್ವರ್ ಬರೆದವರು ಎಲ್ಲರ ಲೆಕ್ಕವನ್ನೂ ಮೊದಲೇ ಊಹಿಸೋಕಾಗಲ್ಲ. ಅದಕ್ಕೆ ಅವರು, "ನಿಮ್ಮ ಲೆಕ್ಕವನ್ನ ನೀವೇ ಒಂದು ಚಿಕ್ಕ ಸ್ಕ್ರಿಪ್ಟ್ ಆಗಿ ಬರೆದು ಸರ್ಚ್ ರಿಕ್ವೆಸ್ಟ್ ಜೊತೆಗೇ ಕಳಿಸಿ, ನಾವು ಓಡಿಸ್ತೀವಿ" ಅಂದರು. ಇದರ ಹೆಸರು ಡೈನಾಮಿಕ್ ಸ್ಕ್ರಿಪ್ಟಿಂಗ್. ನಿಜಕ್ಕೂ ಉಪಯೋಗಕ್ಕೆ ಬರೋ ಫೀಚರ್.

2014: ಎಲ್ಲರಿಗೂ ತೆರೆದ ಬಾಗಿಲು

ಆಗ ಸ್ಕ್ರಿಪ್ಟ್ ಬರೆಯೋಕೆ ಕೊಟ್ಟಿದ್ದ ಭಾಷೆ ಎಂವಿಇಎಲ್. ಅದು ಜಾವಾ ವರ್ಚುವಲ್ ಮೆಷೀನ್ ಒಳಗೇ ಓಡುತ್ತೆ, ಜಾವಾದ ಯಾವ ಕ್ಲಾಸ್ ಬೇಕಾದರೂ ಕರೆಯುತ್ತೆ. ಬೆಲೆ ಗುಣಿಸು ರೇಟಿಂಗ್ ಅಂತ ಬರೆಯೋ ಅದೇ ಜಾಗದಲ್ಲಿ "ಈ ಫೈಲ್ ಓದು" ಅಂತಾನೂ ಬರೀಬಹುದು, "ಆಪರೇಟಿಂಗ್ ಸಿಸ್ಟಮ್‌ನಲ್ಲಿ ಈ ಕಮಾಂಡ್ ಓಡಿಸು" ಅಂತಾನೂ ಬರೀಬಹುದು. ಭಾಷೆಗೆ ಇವುಗಳ ಮಧ್ಯೆ ವ್ಯತ್ಯಾಸವೇ ಗೊತ್ತಿಲ್ಲ.

ಕ್ಯಾಂಟೀನ್ ಕೌಂಟರ್‌ಗೆ ಚೀಟಿ ಕೊಡೋ ಥರ ಯೋಚಿಸಿ. "ಎರಡು ಇಡ್ಲಿ, ಚಟ್ನಿ ಜಾಸ್ತಿ" ಅಂತ ಬರೆದರೆ ಬರುತ್ತೆ. ಆದ್ರೆ ಕೌಂಟರ್‌ನಲ್ಲಿರೋರು ಚೀಟಿಯಲ್ಲಿ ಏನಿದ್ದರೂ ಮರುಮಾತಾಡದೆ ಮಾಡೋ ಸ್ವಭಾವದವರಾದರೆ? "ಗಲ್ಲಾಪೆಟ್ಟಿಗೆ ತೆಗೆದು ದುಡ್ಡೆಲ್ಲ ಈ ಕಡೆ ಕೊಡಿ" ಅಂತ ಬರೆದ ಚೀಟಿಗೂ ಅವರು ಹೂಂ ಅನ್ನುತ್ತಾರೆ. ಯಾರು ಚೀಟಿ ಕೊಟ್ಟರು ಅಂತಾನೂ ಕೇಳಲ್ಲ.

ಯಾರು ಅಂತ ಕೇಳದೇ ಇರೋದೇ ಎರಡನೇ ಸಮಸ್ಯೆ. ಆಗಿನ ಇಲಾಸ್ಟಿಕ್‌ಸರ್ಚ್‌ಗೆ ತನ್ನದೇ ಆದ ಲಾಗಿನ್ ಇರಲಿಲ್ಲ. "ಇದು ಒಳಗಿನ ನೆಟ್‌ವರ್ಕ್‌ನಲ್ಲಿ, ಫೈರ್‌ವಾಲ್ ಹಿಂದೆ ಇರುತ್ತೆ, ಹೊರಗಿನವರು ಇಲ್ಲಿಗೆ ಬರೋದೇ ಇಲ್ಲ" ಅನ್ನೋದು ಅದರ ಹಿಂದಿನ ನಂಬಿಕೆ. ಮೂರನೇ ಸಮಸ್ಯೆ, ಸರ್ವರ್ ಡೀಫಾಲ್ಟ್ ಆಗಿ ಯಂತ್ರದ ಎಲ್ಲ ನೆಟ್‌ವರ್ಕ್ ವಿಳಾಸಗಳ ಮೇಲೂ ಕಿವಿ ತೆರೆದು ಕೂರ್ತಿತ್ತು. ಕ್ಲೌಡ್‌ನಲ್ಲಿ ಒಂದು ವಿಎಂ ತಗೊಂಡು, ಫೈರ್‌ವಾಲ್ ಹಾಕೋದು ಮರೆತರೆ ಅದು ಇಡೀ ಇಂಟರ್‌ನೆಟ್‌ಗೆ ತೆರೆದಿದೆ ಅಂತ ಅರ್ಥ.

ಈ ಮೂರನ್ನೂ ಕೂಡಿಸಿ ನೋಡಿ: ಏನು ಬೇಕಾದರೂ ಮಾಡೋ ಸ್ಕ್ರಿಪ್ಟ್, ಲಾಗಿನ್ ಇಲ್ಲ, ಎಲ್ಲರಿಗೂ ತೆರೆದ ಪೋರ್ಟ್. ಒಂದೊಂದೇ ನೋಡಿದರೆ ಪ್ರತಿಯೊಂದಕ್ಕೂ ಒಂದು ಸಮರ್ಥನೆ ಇದೆ. ಒಟ್ಟಾದರೆ ಸರ್ವರ್ ಹೋಯ್ತು. ಇದಕ್ಕೆ ಸಿವಿಇ-2014-3120 ಅಂತ ನಂಬರ್ ಕೊಟ್ಟರು.

ಫೈರ್‌ವಾಲ್ ಹಿಂದೆ ಇದ್ದವರೂ ಬಚಾವ್ ಅಲ್ಲ

ನನಗೆ ಅತಿ ಹೆಚ್ಚು ಆಶ್ಚರ್ಯ ಆಗಿದ್ದು ಈ ಭಾಗ. "ನನ್ನ ಸರ್ವರ್ ಇಂಟರ್‌ನೆಟ್‌ನಲ್ಲೇ ಇಲ್ಲ, ನನ್ನ ಲ್ಯಾಪ್‌ಟಾಪ್‌ನ ಲೋಕಲ್‌ಹೋಸ್ಟ್‌ನಲ್ಲಿದೆ" ಅಂತ ಯಾರಾದರೂ ಅಂದುಕೊಂಡಿದ್ದರೆ ಅವರಿಗೂ ಅಪಾಯ ಇತ್ತು.

ಕಾರಣ ಇಷ್ಟೇ. ಇಲಾಸ್ಟಿಕ್‌ಸರ್ಚ್ ಪೂರ್ತಿ ಕ್ವೆರಿಯನ್ನ ಯುಆರ್‌ಎಲ್ ಒಳಗೇ, ಸೋರ್ಸ್ ಅನ್ನೋ ಪ್ಯಾರಾಮೀಟರ್ ಆಗಿ ತಗೊಳ್ತಿತ್ತು. ಅಂದ್ರೆ ಒಂದು ಸಾದಾ ಗೆಟ್ ರಿಕ್ವೆಸ್ಟ್ ಸಾಕು. ಗೆಟ್ ರಿಕ್ವೆಸ್ಟ್ ಕಳಿಸೋಕೆ ಬ್ರೌಸರ್‌ಗೆ ಒಂದು ಇಮೇಜ್ ಟ್ಯಾಗ್ ಸಾಕು. ನೀವು ಯಾವುದೋ ಕೆಟ್ಟ ವೆಬ್‌ಸೈಟ್ ತೆರೀತೀರಿ. ಆ ಪುಟದಲ್ಲಿರೋ "ಚಿತ್ರ"ದ ವಿಳಾಸ ಲೋಕಲ್‌ಹೋಸ್ಟ್ 9200. ನಿಮ್ಮ ಬ್ರೌಸರ್ ಪಾಪ, ಚಿತ್ರ ಅಂದುಕೊಂಡು ಆ ವಿಳಾಸಕ್ಕೆ ಹೋಗುತ್ತೆ. ಅದು ಓಡ್ತಿರೋದು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಅಲ್ವಾ, ಹಾಗಾಗಿ ಫೈರ್‌ವಾಲ್ ಒಳಗಿಂದಲೇ ರಿಕ್ವೆಸ್ಟ್ ಹೊರಟ ಹಾಗಾಯ್ತು.

ವೆಬ್ ಓದಿದವರು ಇಲ್ಲಿ ಸೇಮ್ ಒರಿಜಿನ್ ಪಾಲಿಸಿ ಇದೆಯಲ್ಲ ಅಂತ ಕೇಳಬಹುದು. ಆ ಪಾಲಿಸಿ ತಡೆಯೋದು ಬೇರೆ ಸೈಟ್‌ನ ಉತ್ತರವನ್ನ ಓದೋದನ್ನ. ಇಂಥ ರಿಕ್ವೆಸ್ಟ್ ಹೋಗೋದನ್ನ ಅದು ತಡೆಯಲ್ಲ. ಸ್ಕ್ರಿಪ್ಟ್ ಓಡೋಕೆ ರಿಕ್ವೆಸ್ಟ್ ತಲುಪಿದರೆ ಸಾಕು, ಉತ್ತರ ಯಾರಿಗೆ ಬೇಕು?

ಇದನ್ನ ಸರಿಪಡಿಸೋಕೆ ಕಾನ್ಫಿಗ್ ಫೈಲ್‌ನಲ್ಲಿ ಒಂದೇ ಒಂದು ಸಾಲು ಸಾಕಿತ್ತು, ಮತ್ತು ಆ ಸೆಟ್ಟಿಂಗ್ ಆಗಲೇ ಇತ್ತು. ಡೀಫಾಲ್ಟ್ ಮಾತ್ರ ಉಲ್ಟಾ ಇತ್ತು. 2014ರ ಮೇ ತಿಂಗಳಲ್ಲಿ ಬಂದ 1.2 ಆವೃತ್ತಿಯಲ್ಲಿ ಡೈನಾಮಿಕ್ ಸ್ಕ್ರಿಪ್ಟಿಂಗ್ ಅನ್ನು ಡೀಫಾಲ್ಟ್ ಆಗಿ ಆಫ್ ಮಾಡಿದರು. ಆದ್ರೆ ಹಳೇ ಆವೃತ್ತಿ ಹಾಕಿ ಮರೆತವರು ಎಷ್ಟೋ ಜನ ಇದ್ದರಲ್ಲ. ಅದೇ ಜುಲೈ ಹೊತ್ತಿಗೆ ಅಮೆಜಾನ್ ಇಸಿ2 ಮೇಲಿದ್ದ ಅಂಥ ಸರ್ವರ್‌ಗಳಿಗೆ ಇದೇ ದಾರಿಯಲ್ಲಿ ನುಗ್ಗಿ, ಅವುಗಳಿಂದಲೇ ಬೇರೆಯವರ ಮೇಲೆ ಡಿಡಾಸ್ ದಾಳಿ ಮಾಡಿಸಿದ್ದು ಬೆಳಕಿಗೆ ಬಂತು.

2015: ಬೇಲಿ ಹಾಕಿದರು, ಬೇಲಿ ಸೋರಿತು

ಫೀಚರ್ ಆಫ್ ಮಾಡಿದರೆ ಅದನ್ನ ನಂಬಿದ್ದವರಿಗೆ ಕಷ್ಟ. ಹಾಗಾಗಿ ಕಂಪನಿ ಬೇರೆ ದಾರಿ ಹುಡುಕಿತು. 1.3 ಆವೃತ್ತಿಯಲ್ಲಿ ಗ್ರೂವಿ ಭಾಷೆ ತಂದರು, ಅದರ ಸುತ್ತ ಒಂದು ಸ್ಯಾಂಡ್‌ಬಾಕ್ಸ್ ಕಟ್ಟಿದರು. ಯಾವ ಕ್ಲಾಸ್ ಮುಟ್ಟಬಹುದು, ಯಾವ ಮೆಥಡ್ ಕರೆಯಬಾರದು ಅಂತ ಪಟ್ಟಿ ಇಟ್ಟು, ಸ್ಕ್ರಿಪ್ಟ್ ಕಂಪೈಲ್ ಆಗುವಾಗ ಆ ಪಟ್ಟಿ ನೋಡಿ ಪರೀಕ್ಷೆ ಮಾಡೋದು. ಸುರಕ್ಷಿತ ಅಂತ ನಂಬಿ ಬಾಗಿಲನ್ನ ಮತ್ತೆ ತೆರೆದರು.

2015ರ ಫೆಬ್ರವರಿಯಲ್ಲಿ ಬೇಲಿ ಸೋರುತ್ತೆ ಅಂತ ಗೊತ್ತಾಯ್ತು. ಸಿವಿಇ-2015-1427. ಯಾಕೆ ಸೋರಿತು ಅನ್ನೋದು ನಮ್ಮ ಜಾವಾ ಸಿಲಬಸ್‌ಗೇ ಸೇರಿದ ವಿಷಯ. ಜಾವಾದಲ್ಲಿ ಪ್ರತಿ ಆಬ್ಜೆಕ್ಟ್‌ಗೂ ಒಂದು ಕ್ಲಾಸ್ ಇರುತ್ತೆ, ಆ ಕ್ಲಾಸೂ ಒಂದು ಆಬ್ಜೆಕ್ಟೇ. ಅದನ್ನ ಹಿಡ್ಕೊಂಡು ರಿಫ್ಲೆಕ್ಷನ್ ಬಳಸಿ, ಹೆಸರು ಹೇಳಿ ಬೇರೆ ಯಾವ ಕ್ಲಾಸ್ ಬೇಕಾದರೂ ತರಿಸ್ಕೋಬಹುದು. ಗಣಿತದ ಮ್ಯಾಥ್ ಕ್ಲಾಸ್ ಅನ್ನು ಬಿಡಲೇಬೇಕು, ಇಲ್ಲಾಂದ್ರೆ ಲೆಕ್ಕ ಮಾಡೋದು ಹೇಗೆ? ಆದ್ರೆ ಆ ಮ್ಯಾಥ್‌ನ ಬೆನ್ನು ಹತ್ತಿ ಹೋದರೆ ಕಮಾಂಡ್ ಓಡಿಸೋ ಕ್ಲಾಸ್‌ವರೆಗೂ ದಾರಿ ಇದೆ. ಮುಂಬಾಗಿಲಲ್ಲಿ ಗುರುತಿನ ಚೀಟಿ ನೋಡಿ ಒಳಗೆ ಬಿಟ್ಟ ಅತಿಥಿ, ಒಳಗಿಂದ ಹಿತ್ತಲ ಬಾಗಿಲು ತೆಗೆದು ಕಳ್ಳನನ್ನ ಕರೆದ ಹಾಗೆ.

ಗ್ರೂವಿ ಡೈನಾಮಿಕ್ ಭಾಷೆ ಬೇರೆ. ಒಂದು ವಸ್ತು ನಿಜವಾಗಿ ಏನು ಅನ್ನೋದು ಓಡುವಾಗ ತೀರ್ಮಾನ ಆಗುತ್ತೆ. ಕಂಪೈಲ್ ಆಗುವಾಗ ನಿಂತು ನೋಡೋ ಕಾವಲುಗಾರನಿಗೆ ಅದು ಪೂರ್ತಿ ಕಾಣೋದೇ ಇಲ್ಲ. ಕೊನೆಗೆ 1.3.8 ಮತ್ತು 1.4.3 ಆವೃತ್ತಿಗಳಲ್ಲಿ ಡೈನಾಮಿಕ್ ಗ್ರೂವಿಯನ್ನೂ ಡೀಫಾಲ್ಟ್ ಆಗಿ ಆಫ್ ಮಾಡಿದರು.

ಆಮೇಲೆ ಏನು ಬದಲಾಯ್ತು?

ಇಲ್ಲಿಂದ ಮುಂದಿನ ಕೆಲಸವೇ ನಾವು ಕಲಿಯಬೇಕಾದ್ದು. ಇನ್ನೊಂದು ಪಟ್ಟಿ, ಇನ್ನೊಂದು ಬೇಲಿ ಅಂತ ಅವರು ನಿಲ್ಲಲಿಲ್ಲ. ಮೂರೂ ಸಮಸ್ಯೆಗಳನ್ನ ಒಂದೊಂದಾಗಿ ಹಿಡಿದರು.

ಮೊದಲು ವಿಳಾಸ. 2015ರ ಅಕ್ಟೋಬರ್‌ನ 2.0 ಆವೃತ್ತಿಯಿಂದ ಸರ್ವರ್ ಡೀಫಾಲ್ಟ್ ಆಗಿ ಲೋಕಲ್‌ಹೋಸ್ಟ್‌ಗೆ ಮಾತ್ರ ಕಿವಿ ಕೊಡುತ್ತೆ. ಹೊರಗೆ ತೆರೆಯಬೇಕಾದರೆ ನೀವೇ ಬೇಕಂತ ಬದಲಾಯಿಸಬೇಕು. ಜೊತೆಗೆ ಜಾವಾ ಸೆಕ್ಯುರಿಟಿ ಮ್ಯಾನೇಜರ್ ಕೂಡ ಬಂತು: ಒಳಗೆ ಯಾವ ಕೋಡ್ ಓಡಿದರೂ ಅದು ಮುಟ್ಟಬಹುದಾದ ಫೈಲ್, ತೆರೆಯಬಹುದಾದ ಕನೆಕ್ಷನ್ ಎಲ್ಲಕ್ಕೂ ಮಿತಿ.

ಎರಡನೇದು ಭಾಷೆ. 2016ರ 5.0 ಆವೃತ್ತಿಗೆ ಅವರು ಪೇನ್‌ಲೆಸ್ ಅನ್ನೋ ಹೊಸ ಭಾಷೆಯನ್ನೇ ಬರೆದರು. ಎಲ್ಲ ಶಕ್ತಿ ಇರೋ ಭಾಷೆ ತಂದು ಅದರ ಕೈಕಾಲು ಕಟ್ಟೋ ಬದಲು, ಕೈಕಾಲೇ ಇಲ್ಲದ ಭಾಷೆಯಿಂದ ಶುರು ಮಾಡಿ, ಬೇಕಾದ್ದನ್ನ ಮಾತ್ರ ಸೇರಿಸೋದು. ಪಟ್ಟಿಯಲ್ಲಿ ಇಲ್ಲದ ಕ್ಲಾಸ್ ಪೇನ್‌ಲೆಸ್‌ನ ಪಾಲಿಗೆ ಇಲ್ಲವೇ ಇಲ್ಲ. ರಿಫ್ಲೆಕ್ಷನ್ ಇಲ್ಲ.

ಮೂರನೇದು ಲಾಗಿನ್. ಇದು ತುಂಬಾ ತಡವಾಯ್ತು. ಮೊದಲು ದುಡ್ಡು ಕೊಟ್ಟವರಿಗೆ ಮಾತ್ರ ಇದ್ದ ಮೂಲ ಭದ್ರತಾ ಸೌಲಭ್ಯಗಳು 2019ರಲ್ಲಿ ಉಚಿತವಾದವು. 2022ರ 8.0 ಆವೃತ್ತಿಯಲ್ಲಿ ಡೀಫಾಲ್ಟ್ ಆಗಿ ಆನ್ ಆದವು. ನಮಗೆ ಇವತ್ತು ಕಿರಿಕಿರಿ ಮಾಡೋ ಪಾಸ್‌ವರ್ಡ್ ಇದೇ.

ಈ ಪದರಗಳಿಂದ ಲಾಭ ಆಯ್ತಾ? 2021ರ ಡಿಸೆಂಬರ್‌ನಲ್ಲಿ ಲಾಗ್4ಶೆಲ್ ಬಂದಾಗ ಉತ್ತರ ಸಿಕ್ಕಿತು. ಲಾಗ್4ಜೆ ಲೈಬ್ರರಿಯಲ್ಲಿದ್ದ ಆ ಲೋಪ ಜಾವಾ ಲೋಕವನ್ನೇ ನಡುಗಿಸಿತು. ಲೂಸೀನ್ ಮೇಲೆ ಕಟ್ಟಿದ ಇನ್ನೊಂದು ಸರ್ಚ್ ಸರ್ವರ್ ಅಪಾಚೆ ಸೋಲ್ರ್‌ಗೂ ಅದು ತಟ್ಟಿತು. ಇಲಾಸ್ಟಿಕ್‌ಸರ್ಚ್ ಕೂಡ ಲಾಗ್4ಜೆ ಬಳಸ್ತಿತ್ತು. ಆದರೆ ಅದರ 6 ಮತ್ತು 7ನೇ ಸರಣಿಗಳಲ್ಲಿ ಸೆಕ್ಯುರಿಟಿ ಮ್ಯಾನೇಜರ್ ಅಡ್ಡ ನಿಂತಿದ್ದರಿಂದ ರಿಮೋಟ್ ಕೋಡ್ ಓಡಿಸೋಕೆ ಆಗಲಿಲ್ಲ ಅಂತ ಕಂಪನಿ ಹೇಳಿತು. ವರ್ಷಗಳ ಹಿಂದೆ ಬೇರೆ ಅಪಾಯಕ್ಕೆ ಕಟ್ಟಿದ ಗೋಡೆ, ಯಾರೂ ಊಹಿಸದ ಅಪಾಯದಲ್ಲಿ ಕೆಲಸಕ್ಕೆ ಬಂತು.

ಅದೇ ಸೋಲ್ರ್‌ನಲ್ಲಿ 2019ರಲ್ಲಿ ಸಿಕ್ಕ ಸಿವಿಇ-2019-17558 ನೋಡಿದರೆ ನಮ್ಮ 2014ರ ಕಥೆಯೇ ಮತ್ತೆ ಕಾಣುತ್ತೆ. ಅಲ್ಲಿ ಸ್ಕ್ರಿಪ್ಟ್ ಬದಲು ವೆಲಾಸಿಟಿ ಟೆಂಪ್ಲೇಟ್. ರಿಕ್ವೆಸ್ಟ್ ಜೊತೆ ಬಂದ ಟೆಂಪ್ಲೇಟ್ ಅನ್ನು ಸರ್ವರ್ ಓಡಿಸ್ತಿತ್ತು. ಅಂದ್ರೆ ಇದು ಒಂದು ಕಂಪನಿಯ ಕಥೆ ಅಲ್ಲ. "ಡೇಟಾ" ಅಂತ ಬಂದಿದ್ದು ಒಳಗೆ ಹೋಗಿ "ಕೋಡ್" ಆಗೋ ಜಾಗ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಇದು ಕಾದು ಕೂತಿರುತ್ತೆ.

ನಮ್ಮ ಪ್ರಾಜೆಕ್ಟ್‌ಗೆ ಇದರಿಂದ ಏನು?

ಈಗಿನ ಆವೃತ್ತಿಗಳಲ್ಲಿ ಆ ಎರಡು ಲೋಪಗಳಿಲ್ಲ. ಆದರೆ ಅವುಗಳ ಸುತ್ತ ಇದ್ದ ಪರಿಸ್ಥಿತಿಯನ್ನ ನಾವೇ ಕೈಯಾರೆ ಮರಳಿ ತರಬಹುದು. ನಾಲ್ಕು ವಿಷಯ ನೋಡ್ಕೊಳ್ಳಿ:

1. ಡಾಕರ್‌ನಲ್ಲಿ 9200:9200 ಅಂತ ಪೋರ್ಟ್ ಕೊಟ್ಟರೆ ಅದು ಎಲ್ಲ ನೆಟ್‌ವರ್ಕ್‌ಗೂ ತೆರೆಯುತ್ತೆ. ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್ ಆನ್ ಇದ್ದರೂ ಡಾಕರ್ ಅದನ್ನ ದಾಟಿ ಹೋಗುತ್ತೆ. ಹಾಸ್ಟೆಲ್ ವೈಫೈನಲ್ಲಿರೋ ಎಲ್ಲರಿಗೂ ನಿಮ್ಮ ಸರ್ವರ್ ಕಾಣಬಹುದು. ಮುಂದೆ 127.0.0.1 ಸೇರಿಸಿ, 127.0.0.1:9200:9200 ಅಂತ ಬರೆಯಿರಿ.

2. ಸೆಕ್ಯುರಿಟಿ ಆಫ್ ಮಾಡೋ ಸಾಲನ್ನ ಕಾಪಿ ಮಾಡೋ ಮೊದಲು, ಆ ಪಾಸ್‌ವರ್ಡ್ ಅನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಡೋಕೆ ಎಷ್ಟು ಹೊತ್ತು ಬೇಕು ಅಂತ ನೋಡಿ. ಐದು ನಿಮಿಷದ ಕೆಲಸ.

3. ಬಳಕೆದಾರರ ಇನ್‌ಪುಟ್ ಅನ್ನು ಸ್ಕ್ರಿಪ್ಟ್ ಒಳಗೆ ಸ್ಟ್ರಿಂಗ್ ಜೋಡಿಸಿ ಹಾಕಬೇಡಿ. ಪ್ಯಾರಾಮೀಟರ್ ಆಗಿ ಕಳಿಸಿ. ಎಸ್‌ಕ್ಯುಎಲ್ ಇಂಜೆಕ್ಷನ್ ಪಾಠವೇ ಇಲ್ಲೂ.

4. ಪೈಥಾನ್‌ನಲ್ಲಿ ಪ್ರಾಜೆಕ್ಟ್ ಮಾಡೋರು ನಿಮ್ಮ ಕೋಡ್‌ನಲ್ಲಿ ಇವಾಲ್ ಅಂತ ಹುಡುಕಿ. ಬಳಕೆದಾರರು ಟೈಪ್ ಮಾಡಿದ ಫಾರ್ಮುಲಾವನ್ನ ಇವಾಲ್‌ಗೆ ಕೊಟ್ಟಿದ್ದರೆ, ಅದು ನಿಮ್ಮದೇ ಸಿವಿಇ-2014-3120.

ಇನ್ನೊಂದು ಮಾತು. ಇದನ್ನೆಲ್ಲ ಓದಿ ಕುತೂಹಲ ಬಂದರೆ ಪ್ರಯೋಗ ನಿಮ್ಮ ಸ್ವಂತ ಯಂತ್ರದಲ್ಲಿ, ನೆಟ್‌ವರ್ಕ್ ಕಿತ್ತ ವರ್ಚುವಲ್ ಮೆಷೀನ್‌ನಲ್ಲಿ ಇರಲಿ. ಅನುಮತಿ ಇಲ್ಲದೆ ಬೇರೆಯವರ ಸರ್ವರ್‌ಗೆ ಕೈ ಹಾಕಿದರೆ ಐಟಿ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಎಲ್ಲಾದರೂ ತೆರೆದ ಸರ್ವರ್ ಕಣ್ಣಿಗೆ ಬಿದ್ದರೆ ಅದರ ಮಾಲೀಕರಿಗೆ ಅಥವಾ ಸರ್ಟ್-ಇನ್‌ಗೆ ತಿಳಿಸಿ.

ಮೊದಲ ಪ್ರಯೋಗ ಇವತ್ತೇ ಮಾಡಬಹುದು. ಪ್ರಾಜೆಕ್ಟ್ ಓಡ್ತಿರುವಾಗ ಪಕ್ಕದ ರೂಮಿನ ಫ್ರೆಂಡ್‌ಗೆ ನಿಮ್ಮ ಐಪಿ ವಿಳಾಸ ಕೊಟ್ಟು, ಅವರ ಬ್ರೌಸರ್‌ನಲ್ಲಿ 9200 ಪೋರ್ಟ್ ತೆರೆಯೋಕೆ ಹೇಳಿ. ನಿಮ್ಮ ಕ್ಲಸ್ಟರ್ ಹೆಸರು ಅಲ್ಲಿ ಕಂಡರೆ, ಡೆಮೋ ದಿನಕ್ಕೆ ಮುಂಚೆ ಮಾಡೋ ಕೆಲಸ ಏನು ಅಂತ ಗೊತ್ತಾಯ್ತಲ್ಲ.